ಕೊನೆಯ ಸಾಲಿನ ಚಪ್ಪಾಳೆ

ವಿದ್ಯಾರಣ್ಯಪುರಂ, ಮೈಸೂರು
12-3-2008

ಅಪ್ಪನಿಗೆ ನಮಸ್ಕಾರ.

ಒಂದೇ ಮನೆಯಲ್ಲಿದ್ದೂ ಕಾಗದ ಬರೆಯುತ್ತಿದ್ದೇನೆ. ಎದುರಿಗೆ ಹೇಳಲು ಮುಖವಿಲ್ಲದೆ ನಿಮ್ಮ ಸೈಕಲ್ಲಿನ ಕ್ಯಾರಿಯರಿಗೆ ಸಿಕ್ಕಿಸಿಡುತ್ತೇನೆ. ವೀಳ್ಯದೆಲೆ ಬುಟ್ಟಿ ಕಟ್ಟುವ ಮೊದಲು ಓದಿಕೊಳ್ಳಿ.

ಸೈಕಲ್ ದಾರಿ ತೆಗೆದು ರಸ್ತೆ ಅಗಲ ಮಾಡಿ ಎಂದು ಭಾನುವಾರದ ಸಭೆಯಲ್ಲಿ ಬಡಾವಣೆಯ ಸಂಘದ ಪರವಾಗಿ ಮಾತಾಡಿದವಳು ನಾನೇ. "ಈಗ ಸೈಕಲ್ ತುಳಿಯೋರು ಯಾರಿದ್ದಾರೆ? ನಾನಂತೂ ಒಬ್ಬರನ್ನೂ ನೋಡಿಲ್ಲ" ಎಂದೆ. ಜನ ನಕ್ಕರು. ಮೊದಲು ಚಪ್ಪಾಳೆ ತಟ್ಟಿದವರು ಕೊನೆಯ ಸಾಲಿನಲ್ಲಿ ಕೂತಿದ್ದ ನೀವು. ಮಾರ್ಕೆಟ್ಟಿನಿಂದ ನೇರವಾಗಿ ಬಂದಿದ್ದಿರಿ. ಪಂಚೆಯ ಅಂಚಿಗೆ ಚೈನಿನ ಎಣ್ಣೆ ಮೆತ್ತಿತ್ತು.

"ಎಷ್ಟ್ ಚೆನ್ನಾಗಿ ಮಾತಾಡ್ಬುಟ್ಟೆ ಕಣಮ್ಮ" ಎಂದು ನನಗೆ ಹೇಳಿ, ಅಮ್ಮನಿಂದ ಪಾಯಸ ಮಾಡಿಸಿದಿರಿ. ಮರುದಿನದಿಂದ ದೊಡ್ಡ ರಸ್ತೆ ಬಿಟ್ಟು, ಹಿಂದಿನ ಗಲ್ಲಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೀರಿ. ಯಾಕೆಂದು ಅಮ್ಮನನ್ನು ಕೇಳಿದೆ. "ಮಗಳ ಮಾತು ಸುಳ್ಳಾಗ್ಬಾರ್ದಂತೆ ಕಣೇ" ಎಂದಳು.

ಶುಕ್ರವಾರ ಮತ್ತೆ ಸಭೆಯಿದೆ. ನಾನು ಹೇಳಿದ್ದು ಸುಳ್ಳೆಂದು ನಾನೇ ಎದ್ದು ಹೇಳುತ್ತೇನೆ. ದಯವಿಟ್ಟು ದೊಡ್ಡ ರಸ್ತೆಯಲ್ಲೇ ಸೈಕಲ್ ತುಳಿದುಕೊಂಡು ಬನ್ನಿ. ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ.

ಚಪ್ಪಾಳೆ ಮಾತ್ರ ತಟ್ಟಬೇಡಿ ಅಪ್ಪ.

ನಿಮ್ಮ ಮಗಳು,
ಶಿಲ್ಪಶ್ರೀ