ಕೋಣೆಯ ಈ ತುದಿಯಿಂದ ತೆಗೆದ ಫೋಟೋ

ಸ್ಟುಡಿಯೋದ ಹಿಂದಿನ ಕೋಣೆ
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರೇ,

ಹೀಗೆ ಕರೆದರೆ ನೀವು ನಗುತ್ತೀರಿ, ಗೊತ್ತು. ನಗಲಿ ಎಂದೇ ಕರೆದೆ. ಆರೋಗ್ಯ ಹೇಗಿದೆ? ಸೇತುವೆ ಕಟ್ಟುವಲ್ಲಿ ಸಿಮೆಂಟ್ ಧೂಳು ಜಾಸ್ತಿ ಎಂದು ಬರೆದಿದ್ದಿರಿ, ಕೆಮ್ಮು ಕಡಿಮೆಯಾಯಿತೇ? ಕಂಬ ಎಷ್ಟು ಎತ್ತರಕ್ಕೆ ಬಂತೆಂದು ದಿನವೂ ಫೋಟೋ ತೆಗೆಯುವ ನೀವು, ಹೊತ್ತು ಹೊತ್ತಿಗೆ ಊಟ ಮಾಡುತ್ತೀರೋ ಇಲ್ಲವೋ ಎಂಬುದನ್ನು ಮಾತ್ರ ಯಾವ ಪತ್ರದಲ್ಲೂ ತಿಳಿಸುವುದಿಲ್ಲ. ಫೋನಿಗೆ ಸಿಗ್ನಲ್ ಸಿಗಬೇಕಾದರೆ ಕ್ರೇನ್ ಹತ್ತಬೇಕು ಎಂದಿರಿ. ದಯವಿಟ್ಟು ಹತ್ತಬೇಡಿ, ಪತ್ರವೇ ಸಾಕು. ಇಲ್ಲಿ ನಾನೂ ಅತ್ತೆಯೂ ಚೆನ್ನಾಗಿದ್ದೇವೆ.

ಈಗ ನಮ್ಮ ಜಗಳಕ್ಕೆ ಬರುತ್ತೇನೆ. ಈ ವರ್ಷ ಒಂದನ್ನೇ ಕೊಳ್ಳಲು ಸಾಧ್ಯ, ಹೊಸ ಕ್ಯಾಮೆರಾ ಬಾಡಿ ಇಲ್ಲವೇ ಹೊಸ ಲೆನ್ಸ್. ತಿಂಗಳೊಳಗೆ ಅಂಗಡಿಯವರಿಗೆ ತಿಳಿಸಬೇಕು. ನಿಮಗೆ ಬಾಡಿಯೇ ಬೇಕು. ಮಂಕು ಬೆಳಕಿನಲ್ಲೂ ಚಿತ್ರ ಕಾಳುಕಾಳಾಗುವುದಿಲ್ಲ, ಕ್ಲಿಕ್ ಸದ್ದೇ ಇಲ್ಲ ಎಂದು ಅದರ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ, ನನ್ನ ಬಗ್ಗೆ ನಾಲ್ಕು ಸಾಲು. (ಮದುವೆಯಾದ ಹೊಸತರಲ್ಲಿ ಇದು ತಿರುಗಾಮುರುಗಾ ಇತ್ತು.) ಒಪ್ಪುತ್ತೇನೆ, ನಮ್ಮ ಹಳೆಯ ಬಾಡಿ ಕ್ಲಿಕ್ ಎನ್ನುವುದಿಲ್ಲ, ಬಾಗಿಲ ಚಿಲಕ ಬಿದ್ದ ಹಾಗೆ ಟಪ್ ಎನ್ನುತ್ತದೆ. ಆದರೂ ನನಗೆ ದೂರದಿಂದ ಮುಖ ತೆಗೆಯುವ ಲೆನ್ಸ್ ಬೇಕು. ಈಗಿರುವುದರಲ್ಲಿ ಮುಖ ತುಂಬಿಕೊಳ್ಳಬೇಕಾದರೆ ಗಿರಾಕಿಯ ಮೂಗಿನ ಹತ್ತಿರಕ್ಕೇ ಹೋಗಬೇಕು. ಮೂಗು ದಪ್ಪ ಬರುತ್ತದೆ, ಗಿರಾಕಿಯ ಮುಖ ಸಪ್ಪಗಾಗುತ್ತದೆ.

ನಿಜ ಹೇಳುತ್ತೇನೆ, ನನ್ನ ಹಟ ಗಿರಾಕಿಗಳಿಗಾಗಿ ಅಲ್ಲ, ಅತ್ತೆಗಾಗಿ. ಎರಡು ವರ್ಷದ ಹಿಂದೆ ಕಾಯಿಲೆಯಲ್ಲಿ ಅವರ ಮುಖದ ಎಡಗಡೆ ಸ್ವಲ್ಪ ಜೋತುಬಿದ್ದ ಮೇಲೆ ಅವರು ಕ್ಯಾಮೆರಾ ಮುಂದೆ ಕುಳಿತೇ ಇಲ್ಲ. ನೀವು ಒಮ್ಮೆ ಹತ್ತಿರ ಹೋದಾಗ ಕೈ ಅಡ್ಡ ಹಿಡಿದು, "ಹತ್ರದಿಂದ ನೋಡೋಕೆ ಕನ್ನಡಿ ಒಂದಿದೆ, ಸಾಕಪ್ಪ" ಎಂದರು. ಅಂದಿನಿಂದ ನೀವೂ ಕೇಳಿಲ್ಲ, ಅವರೂ ಆ ಮಾತು ಎತ್ತಿಲ್ಲ. ದಿನವಿಡೀ ಕಿಟಕಿಯ ಪಕ್ಕ ಕುಳಿತು ಊರವರ ಪಾಸ್‌ಪೋರ್ಟ್ ಫೋಟೋಗಳನ್ನು ಕತ್ತರಿಸಿ ಕವರಿಗೆ ಹಾಕುವ ಅವರ ಮುಖ, ನಮ್ಮ ಮನೆಯ ಯಾವ ಹೊಸ ಫೋಟೋದಲ್ಲೂ ಇಲ್ಲ. ಇದು ನನಗೆ ತುಂಬ ಬೇಸರದ ಸಂಗತಿ.

ಅದಕ್ಕೇ ಸೋಮವಾರ ಕ್ಯಾಮೆರಾ ರಿಪೇರಿಯ ಸ್ಕ್ರೂ ಮಾಮನ ಹತ್ತಿರ ಅಂಥದ್ದೇ ಒಂದು ಲೆನ್ಸನ್ನು ಎರಡು ದಿನಕ್ಕೆ ಕೇಳಿ ತಂದೆ. "ಇಟ್ಕೋಮ್ಮ, ಬೀಳಿಸಿದ್ರೆ ಮಾತ್ರ ಈ ಕಡೆ ತಲೆ ಹಾಕ್ಬೇಡ" ಎಂದರು. ಮಂಗಳವಾರ ಬೆಳಗ್ಗೆ ಕೋಣೆಯ ಈ ತುದಿಯಲ್ಲಿ, ಹಿನ್ನೆಲೆಯ ಪರದೆಗಳ ನಡುವೆ ಉಸಿರು ಬಿಗಿಹಿಡಿದು ನಿಂತೆ. ಆ ತುದಿಯಲ್ಲಿ ಅತ್ತೆ ಯಾರದೋ ಫೋಟೋ ಎತ್ತಿ ಹಿಡಿದು, ಇವರನ್ನು ಬೈದು ಕೂರಿಸಿರಬೇಕು ಎಂದು ತಮ್ಮಷ್ಟಕ್ಕೆ ನಗುತ್ತಿದ್ದರು. ಅಲ್ಲೇ ನಾನು ಎಡವಟ್ಟು ಮಾಡಿಕೊಂಡಿದ್ದೆ. ಅವರ ಕೂದಲು ಹಾರಬಾರದೆಂದು ಫ್ಯಾನ್ ಆರಿಸಿಬಿಟ್ಟಿದ್ದೆ. ಸದ್ದಡಗಿದ ಕೋಣೆಯಲ್ಲಿ ಹಳೆಯ ಬಾಡಿ ಟಪ್ ಎಂದಿತು. ಅತ್ತೆ ತಟ್ಟನೆ ತಿರುಗಿದರು. ಗಾಬರಿಯಲ್ಲಿ ನನ್ನ ಬೆರಳು ಇನ್ನೊಮ್ಮೆ ಒತ್ತಿತು.

ಬೈಸಿಕೊಳ್ಳಲು ತಯಾರಾಗಿಯೇ ಎರಡನ್ನೂ ಪ್ರಿಂಟ್ ಹಾಕಿ ಅವರ ಮೇಜಿನ ಮೇಲಿಟ್ಟೆ. ಕೇಳದೆ ತೆಗೆದದ್ದು ತಪ್ಪು, ಬೇಡವೆಂದರೆ ಈಗಲೇ ಅಳಿಸುತ್ತೇನೆ ಎಂದೆ. ಮೊದಲನೆಯದರಲ್ಲಿ ತಲೆ ಬಗ್ಗಿಸಿದ್ದಾರೆ. ಅಂದವಾಗಿದೆ, ಎಡಗಡೆ ಕಾಣುವುದೇ ಇಲ್ಲ. ಎರಡನೆಯದರಲ್ಲಿ ಕತ್ತರಿ ಎತ್ತಿಕೊಂಡು ನನ್ನತ್ತ ತಿರುಗಿದ್ದಾರೆ. ಹುಬ್ಬು ಗಂಟಿಕ್ಕಿದೆ, ಬಾಯಿ ಓರೆಯಾಗಿ ನಗುತ್ತಿದೆ, ಎಡಗಣ್ಣು ಅರ್ಧ ಮುಚ್ಚಿದೆ, ಎಲ್ಲವೂ ಇದೆ. ಬಹಳ ಹೊತ್ತು ನೋಡಿದರು. ಆಮೇಲೆ ಮೊದಲನೆಯದನ್ನು ನನ್ನ ಕೈಗೆ ವಾಪಸ್ ಕೊಟ್ಟು, "ಅದು ಯಾರೋ. ಇದು ನಾನು" ಎಂದು ಎರಡನೆಯದರ ಅಂಚನ್ನು ನೀಟಾಗಿ ಕತ್ತರಿಸತೊಡಗಿದರು. ನನಗೆ ಅಳು ಬಂತು. ಫ್ಯಾನ್ ಹಾಕುವ ನೆಪದಲ್ಲಿ ಎದ್ದು ಹೋದೆ.

ಈಗ ನೀವೇ ತೀರ್ಪು ಕೊಡಿ. ಅವರು ಕೈ ಅಡ್ಡ ಹಿಡಿಯದೆ ಇದ್ದದ್ದು ನಾನು ದೂರ ನಿಂತಿದ್ದಕ್ಕೆ, ಅದು ಲೆನ್ಸಿನ ಪುಣ್ಯ. ತಿರುಗಿ ನೋಡಿದ್ದು ಹಳೆಯ ಬಾಡಿಯ ಗಲಾಟೆಗೆ. ಸದ್ದಿಲ್ಲದ ಹೊಸದು ಕೈಯಲ್ಲಿದ್ದಿದ್ದರೆ ಅತ್ತೆ 'ಯಾರೋ' ಎಂದ ಆ ಮೊದಲನೆಯ ಫೋಟೋವೇ ನಮಗೆ ಗತಿಯಾಗುತ್ತಿತ್ತು. ಸಂಜೆಯ ಮಂಕು ಬೆಳಕಿನ ಸಮಾರಂಭಗಳಿಗೆ ಹೊಸ ಬಾಡಿಯೇ ಬೇಕೆಂಬ ನಿಮ್ಮ ಮಾತು ಸರಿಯೇ ಇರಬಹುದು. ಮುಂದಿನ ವರ್ಷ ಬಾಡಿ ಕೊಳ್ಳೋಣ, ನಾನು ಅಡ್ಡ ಬರುವುದಿಲ್ಲ. ಬಂದರೂ ಸ್ವಲ್ಪವೇ ಬರುತ್ತೇನೆ.

ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕೂತು ಊಟ ಮಾಡಿ. ಅತ್ತೆ ಆಶೀರ್ವಾದ ಕಳಿಸಿದ್ದಾರೆ, ಉಳಿದದ್ದೆಲ್ಲ ನನ್ನದು.

ಇತಿ,
ನಿಮ್ಮ ಜಗಳಗಂಟಿ

ವಿ.ಸೂ.: ಲೆನ್ಸ್ ನಿನ್ನೆಯೇ ಕೊಂಡಾಯಿತು, ಬೈಯುವುದಾದರೆ ಬಂದು ಬೈಯಿರಿ. ಅಂಚೆಯವರು ಬರುವ ಹೊತ್ತಾಯಿತು, ಇನ್ನೊಂದೇ ಮಾತು. ಅತ್ತೆ ಇದನ್ನು ಹೇಳಿದ ಹಾಗೇ ಬರೆಯಬೇಕೆಂದು ಪಕ್ಕದಲ್ಲೇ ನಿಂತಿದ್ದಾರೆ: "ಅವ್ನು ಬಂದ್ಮೇಲೆ ಕ್ಯಾಮೆರಾ ನಿನ್ ಕೈಲೇ ಇರ್ಲಿ. ಅವ್ನನ್ನ ನನ್ನ ಎಡಗಡೆ ಕೂರಿಸು."