ಬೈಯುವುದಕ್ಕೊಂದು ಪೆನ್ನು

ಭಾನುವಾರ, ಮಧ್ಯಾಹ್ನ

ಅಮ್ಮಾ,

ನಿನ್ನ ಬಾಯಿಬಡುಕಿಯ ನಮಸ್ಕಾರ. ನೀನಿರುವ ಮಾವನ ಮನೆಗೆ ಫೋನ್ ಮಾಡಿದರೆ ಅವನೇ ಎತ್ತುತ್ತಾನೆ. ನಿಮ್ಮಮ್ಮ ಆ ಮನೆಗೆ ಕಾಲಿಡಲ್ಲ ಕಣೆ, ಸುಮ್ನೆ ಇಡು ಫೋನು ಅನ್ನುತ್ತಾನೆ. ಕಾಗದವನ್ನಾದರೂ ನೀನೇ ಒಡೆದು ಓದುತ್ತೀಯ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಸಾಲುಗಳು ಓರೆಯಾಗಿವೆ, ಬೈಯಬೇಡ.

ಅಪ್ಪನ ಗಂಟಲ ಕ್ಯಾನ್ಸರಿಗೆ ಆಪರೇಷನ್ ಆಗಿದ್ದನ್ನು ಮಾವ ಹೇಳಿರಬೇಕು. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ನೀನು ಯಾವ ಬಾಯಿಗೆ ಹೆದರಿ ಮನೆ ಬಿಟ್ಟೆಯೋ ಆ ಬಾಯಿ ಈಗ ಇಲ್ಲ. ಇನ್ನು ಕರೆಂಟ್ ಚಿಕಿತ್ಸೆ, ಅದೇ ರೇಡಿಯೇಷನ್, ಕೊಡಿಸದಿದ್ದರೆ ರೋಗ ಮತ್ತೆ ಹಬ್ಬುತ್ತದೆ ಎಂದಿದ್ದಾರೆ ಡಾಕ್ಟರು. ಅದಕ್ಕೆ ಅಪ್ಪ ಒಪ್ಪಿ ಸಹಿ ಹಾಕಬೇಕು. ಅವನೋ, ಹಿತ್ತಲ ಕೆಲಸದ ಕೋಣೆಯಲ್ಲಿ ಮರ ಕಡೆಯುವ ಲೇತಿನ ಪಕ್ಕಕ್ಕೇ ಮಂಚ ಹಾಕಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಬರೆದು ಮಾತಾಡಲಿ ಎಂದು ಕೊಟ್ಟ ಸ್ಲೇಟು ಮಂಚದ ಕೆಳಗಿದೆ. ಏನು ಕೇಳಿದರೂ ಅದನ್ನು ಮುಟ್ಟುವುದಿಲ್ಲ.

ನನಗೊಂದು ಉಪಾಯ ಹೊಳೆಯಿತು. ಅಟ್ಟದ ಮೇಲೆ ಅವನು ವರ್ಷಗಟ್ಟಲೆ ಒಣಗಿಸಿಟ್ಟ ಮರದ ಗಂಟಿತ್ತಲ್ಲ, ಕಾಂಡದ ಮೇಲೆ ಗಡ್ಡೆಯಂತೆ ಊದಿಕೊಂಡದ್ದು? ಯಾರು ಮುಟ್ಟಿದರೂ ಮೈಮೇಲೆ ಬೀಳುತ್ತಿದ್ದನಲ್ಲ, ಅದನ್ನೇ ಇಳಿಸಿ ಅವನ ಕಣ್ಣೆದುರೇ ಪೆನ್ನು ಕಡೆಯಲು ನಿಂತೆ. ಉಳಿ ಹಿಡಿಯಲೂ ಬಾರದ ನಾನು ಆ ಮರವನ್ನು ಹಾಳು ಮಾಡುವುದನ್ನು ನೋಡಿ ಅವನ ಪಿತ್ತ ನೆತ್ತಿಗೇರಬೇಕು, ಬೈಯುವುದಕ್ಕಾದರೂ ಸ್ಲೇಟು ಎತ್ತಿಕೊಳ್ಳಬೇಕು. ಒಮ್ಮೆ ಬರೆದನೆಂದರೆ ಸಹಿ ಹಾಕಿಸುವುದೇನು ಮಹಾ ಅಂದುಕೊಂಡೆ.

ಹಾಳು ಮಾಡಲು ನಾನು ನಟಿಸಬೇಕಾಗಲೇ ಇಲ್ಲ. ಮಾಮೂಲಿ ಮರದ ಎಳೆ ಒಂದೇ ದಿಕ್ಕಿಗೆ ಓಡುತ್ತದೆ. ಗಂಟಿನೊಳಗೆ ಅದು ಸುತ್ತಿ ಸುಳಿದಿರುತ್ತದೆ, ನಡುನಡುವೆ ತೊಗಟೆ, ಪೊಳ್ಳು. ಮೊದಲ ತುಂಡು ತೂತು ಕೊರೆಯುವಾಗಲೇ ಸೀಳಿತು. ಇನ್ನೊಂದರಲ್ಲಿ ಪೆನ್ನಿನೊಳಗೆ ಇರುವ ಹಿತ್ತಾಳೆ ಕೊಳವೆ ಕೂರಿಸಿ ಲೇತಿಗೆ ಹಾಕಿದೆ, ಉಳಿ ಕಚ್ಚಿಕೊಂಡು ಅರ್ಧ ಮರ ಹಾರಿಹೋಯಿತು. ಆಗ ಅಪ್ಪ ಗೋಡೆ ಬಿಟ್ಟು ಈಚೆ ಹೊರಳಿದ! ನನಗೆ ನಗು ಬಂತು. ಆಮೇಲೆ ದಿನಾ ಎದ್ದು ಕೂತು ನೋಡತೊಡಗಿದ. ನಾನು ತಪ್ಪಿದರೆ ಚಮಚದಿಂದ ತಟ್ಟೆ ಬಡಿಯುತ್ತಿದ್ದ. ಸ್ಲೇಟು ಮಾತ್ರ ಮುಟ್ಟಲಿಲ್ಲ. ಅಷ್ಟರಲ್ಲಿ ನನಗೂ ಹುಚ್ಚು ಹತ್ತಿತ್ತು. ಹಾಳು ಮಾಡುವುದನ್ನು ಮರೆತು, ಒಂದು ಒಳ್ಳೆಯ ಪೆನ್ನು ಮಾಡಿಯೇ ಅವನ ಕೈಗಿಡಬೇಕು ಅನ್ನಿಸಿತ್ತು.

ಈ ಮರದ ಬಿರುಕಿಗೆ ತೆಳ್ಳಗಿನ ಅಂಟು ಇಳಿಸಿ ಇಡೀ ದಿನ ಬಿಡಬೇಕು. ಮುಟ್ಟಿ ನೋಡಿದೆ, ಒಣಗಿತ್ತು. ನಾನು ಕಾಯಲಿಲ್ಲ. ಒಳಗೆ ಇನ್ನೂ ಹಸಿಯಿತ್ತು. ಲೇತ್ ತಿರುಗಿದ್ದೇ ತಡ ಚೂರು ಕಣ್ಣಿಗೆ ಸಿಡಿಯದಿರಲೆಂದು ಹಾಕಿಕೊಂಡಿದ್ದ ಕನ್ನಡಕಕ್ಕೆ ಅಂಟು ಹಾರಿ ಅದು ಮಬ್ಬಾಯಿತು. ಯಂತ್ರ ನಿಲ್ಲಿಸುವ ಬದಲು ಕನ್ನಡಕವನ್ನು ಹಣೆಗೇರಿಸಿದೆ. ಅಪ್ಪ ತಟ್ಟೆ ಬಡಿದಿರಬೇಕು, ಆ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಮರ ಸಿಡಿಯಿತು. ಎದ್ದು ಬಂದು ಯಂತ್ರ ಆರಿಸಿದವನು ಅವನೇ. ನನಗೇನೂ ಆಗಿಲ್ಲ, ಕಣ್ಣಿನ ಹತ್ತಿರ ಒಂದು ಗೀರು ಅಷ್ಟೇ. ಪಟ್ಟಿ ಕಟ್ಟಿಕೊಂಡು ಕಳ್ಳನ ಹಾಗೆ ಕಾಣುತ್ತೇನೆ, ನೋಡಿದರೆ ನೀನು ನಕ್ಕುಬಿಡುತ್ತೀಯ.

ಅಂದಿನಿಂದ ಅಪ್ಪ ಊಟ ಸರಿಯಾಗಿ ಮಾಡುತ್ತಿಲ್ಲ. ಮತ್ತೆ ಗೋಡೆಯ ಕಡೆಗೇ ಮುಖ. ನನ್ನ ಉಪಾಯ ತಲೆಕೆಳಗಾಯಿತು. ನೀನು ಬಂದು ಒಂದು ಮಾತು ಹೇಳಿದರೆ ಸಹಿ ಹಾಕಿದರೂ ಹಾಕಬಹುದು. ಅವನಿಗಾಗಿ ಬೇಡ, ನನಗಾಗಿ ಬಾ. ನನ್ನೊಬ್ಬಳ ಕೈಲಿ ಆಗುತ್ತಿಲ್ಲಮ್ಮಾ.

ಇತಿ,
ದಾರಿ ನೋಡುತ್ತಿರುವ ನಿನ್ನ ಬಾಯಿಬಡುಕಿ

ತಾ.ಕ.: ಇದನ್ನು ಬರೆಯುತ್ತಿರುವವನು ನಾನು, ಅವಳಪ್ಪ. ಅವಳು ಮಲಗಿದ್ದಾಳೆ. ಕಾಗದ ಮೇಜಿನ ಮೇಲಿತ್ತು, ಓದಿದೆ. ಅದು ಗೀರಲ್ಲ. ಎಡಗಣ್ಣು ಹೋಗಿದೆ. ದೃಷ್ಟಿ ಇನ್ನು ಬರುವುದಿಲ್ಲವಂತೆ. ಅವಳು ಕನ್ನಡಕ ಮೇಲೇರಿಸಿದ್ದನ್ನು ನಾನು ಕಂಡೆ. ತಟ್ಟೆ ಬಡಿದೆ, ಬಾಯಿ ತೆರೆದು ಕೂಗಿದೆ, ಉಸಿರಾಡಲೆಂದು ಡಾಕ್ಟರು ಕತ್ತಿನಲ್ಲಿ ಮಾಡಿದ ತೂತಿನಿಂದ ಗಾಳಿ ಮಾತ್ರ ಬಂತು. ಲೋಟ ಹಿಡಿಯಲು ಹೋದರೆ ಈಗ ಅವಳ ಕೈಗೆ ಅಂದಾಜು ಸಿಗುತ್ತಿಲ್ಲ, ನೀರು ಚೆಲ್ಲಿ ಒಬ್ಬಳೇ ನಗುತ್ತಾಳೆ. ಚಿಕಿತ್ಸೆಯ ಕಾಗದಕ್ಕೆ ಸಹಿ ಹಾಕಿದ್ದೇನೆ. ನಾಳೆಯೇ ಆಸ್ಪತ್ರೆ ಸೇರುತ್ತೇನೆ, ಅಲ್ಲೇ ಇರುತ್ತೇನೆ. ಮನೆಯಲ್ಲಿ ನಾನಿರುವುದಿಲ್ಲ. ನೀನು ಬಾ.