ಯಂತ್ರಕ್ಕೆ ಧೂಪ ಹಾಕಿದ ಜಯಕ್ಕನ ಪರವಾಗಿ

ವಾಯುಕಣ ಮಾಪನ ಯೋಜನೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಹೊಸದುರ್ಗದಾಚೆಯ ಗುಡ್ಡದ ಮೇಲಿರುವ ನಿಮ್ಮ ಮಾಪನ ಕೇಂದ್ರಕ್ಕೆ ಜಯಕ್ಕ ಇನ್ನು ಕಾಲಿಡಕೂಡದೆಂದು ಆದೇಶಿಸಿದ್ದೀರಿ. ಆದೇಶದಲ್ಲಿ ಅವರ ಹೆಸರಿಲ್ಲ, 'ಸ್ಥಳೀಯ ಮಾಲಿನ್ಯ ಮೂಲ' ಎಂದಿದೆ. ನಾನು ಕನ್ನಡ ಎಂ.ಎ. ಓದಿದವಳು. ಒಬ್ಬ ಹೆಂಗಸನ್ನು ಹೀಗೂ ಕರೆಯಬಹುದೆಂದು ಅಲಂಕಾರಶಾಸ್ತ್ರದ ತರಗತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಒಣಸೀಮೆಯ ಗಾಳಿಯಲ್ಲಿ ತೇಲುವ ಧೂಳು, ಹೊಗೆಯ ಕಣಗಳನ್ನು ಅಳೆದರೆ ಹವಾಮಾನ ಹೇಗೆ ಬದಲಾಗುತ್ತಿದೆ ಎಂದು ತಿಳಿಯುತ್ತದೆಂದು ನೀವು ಹೇಳಿದಿರಿ. ನಂಬಿದ್ದೇನೆ. ಯಂತ್ರ ಗಾಳಿ ಎಳೆದುಕೊಳ್ಳುತ್ತದೆ, ನಾನು ಅದರ ಕೊಳವೆಯ ಬಾಯಿ ಒರೆಸಿ ಅಂಕಿಗಳನ್ನು ನಿಮಗೆ ಕಳಿಸುತ್ತೇನೆ. ಸುತ್ತ ಗಾಳಿವಿದ್ಯುತ್ತಿನ ರೆಕ್ಕೆಗಳು ತಿರುಗುತ್ತಿರುತ್ತವೆ. ಮಾತಾಡಲು ಯಾರೂ ಇಲ್ಲ. ಇದ್ದರೂ ನಾನಾಗಿ ಮಾತು ಶುರು ಮಾಡುವವಳಲ್ಲ. ಕುರಿ ಮೇಯಿಸಲು ಬರುವ ಜಯಕ್ಕ ಮಾತ್ರ ಮಂದೆಯನ್ನು ಇಳಿಜಾರಿನಲ್ಲೇ ಬಿಟ್ಟು, ಬಾಗಿಲಲ್ಲಿ ಕುಳಿತು, ನಾನು ಕೇಳದೆಯೇ ಊರಿನ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಿದ್ದರು.

ಆಯುಧಪೂಜೆಯ ದಿನ ಚೆಂಡುಹೂವು, ಲೋಬಾನ ತಂದರು. ಊರಲ್ಲಿ ಟ್ರ್ಯಾಕ್ಟರಿಗೆ, ಬೋರಿನ ಮೋಟರಿಗೆಲ್ಲ ಪೂಜೆಯಾಗಿತ್ತು. ನಾನು ನೀರು ತರುವಷ್ಟರಲ್ಲಿ ಕೊಳವೆಗೆ ಹೂವು ಸುತ್ತಿ, ಅದರ ಬಾಯಿಗೇ ಧೂಪ ಹಿಡಿದಿದ್ದರು. ಅಂಕಿ ಎಲ್ಲೆ ಮೀರಿ ಏರಿತ್ತು. ಅದು ಹೊಗೆ ಅಳೆಯುವ ಯಂತ್ರ ಎಂದೆ.

"ಅಳೀಲಿ ಬಿಡವ್ವ. ವರ್ಷೆಲ್ಲ ಬರೀ ಧೂಳು ತಿಂತೈತೆ. ಹಬ್ಬದ ದಿನನಾದ್ರೂ ಒಳ್ಳೆ ವಾಸ್ನೆ ಕುಡೀಲಿ."

ಆ ಗುಡ್ಡದ ಮೇಲೆ ನಾನು ಜೋರಾಗಿ ನಕ್ಕಿದ್ದು ಅದೇ ಮೊದಲು. ನಡೆದದ್ದನ್ನು ಅಂದೇ ನಿಮಗೆ ತಿಳಿಸಿದೆ. ಅಷ್ಟು ಹೊತ್ತಿನ ಅಂಕಿಗಳನ್ನು ಕೈಬಿಟ್ಟಿದ್ದರೆ ಮುಗಿಯುತ್ತಿತ್ತು. ನೀವು ಜಯಕ್ಕನನ್ನೇ ಕೈಬಿಟ್ಟಿರಿ. ಬೇಲಿ ಬಂತು, ಬೀಗ ಬಂತು, ಬೋರ್ಡು ಬಂತು. ಬೇಲಿಯ ಪರಿಶೀಲನೆಗೆ ಬಂದ ನಿಮ್ಮ ಜೀಪು ಎಂಜಿನ್ ಆರಿಸದೆ ಕೊಳವೆಯ ಪಕ್ಕದಲ್ಲೇ ನಿಂತಿತ್ತಲ್ಲ, ಅದು ಯಾವ ಮೂಲ ಸ್ವಾಮಿ? ಸ್ಥಳೀಯವಲ್ಲ, ಒಪ್ಪುತ್ತೇನೆ.

ಮಾರನೆಯ ದಿನ ಜಯಕ್ಕ ಬೇಲಿಯಾಚೆ ನಿಂತು ಬೋರ್ಡಿನಲ್ಲಿ ಏನಿದೆ ಎಂದು ಕೇಳಿದರು. ಒಳಗೆ ಪ್ರವೇಶವಿಲ್ಲವಂತೆ ಎಂದೆ.

"ನಿಂಗೂ ಹೊರಗ್ ಬರಂಗಿಲ್ವೇನವ್ವ?" ಎಂದರು. ಕುರಿಗಳ ಹಿಂದೆ ಹೋದರು. ಆಮೇಲೆ ಈ ಕಡೆ ಬಂದಿಲ್ಲ.

ನಿಮ್ಮ ಅಂಕಿಗಳು ಶುದ್ಧವಾಗಿರಬೇಕೆಂಬ ಆಸೆ ನನಗೂ ಇದೆ. ಲೋಬಾನ ಬೇಡವೆಂದರೆ ಜಯಕ್ಕ ತರುವುದಿಲ್ಲ. ಆದ್ದರಿಂದ ಆದೇಶ ಹಿಂತೆಗೆದುಕೊಂಡು, ಅವರು ಬಾಗಿಲವರೆಗೆ ಬರಲು ಬಿಡಿ. ಬೇಲಿಯಿಂದ ಬಾಗಿಲಿಗೆ ಮಾತು ಮುಟ್ಟಬೇಕಾದರೆ ಈ ಗಾಳಿಯಲ್ಲಿ ಕೂಗಬೇಕು. ನನಗೆ ಕೂಗಲು ಬರುವುದಿಲ್ಲ. ಅದಕ್ಕೇ ಪತ್ರಿಕೆಗೆ ಬರೆದಿದ್ದೇನೆ.

ಇಂತಿ,
ಗುಡ್ಡದ ಮೇಲೆ ನಿಮ್ಮ ಗಾಳಿ ಕಾಯುವವಳು,
ಕಾವ್ಯಶ್ರೀ